ಬೆಲೆ ನೋಡುವ ಮೊದಲು ತೂಕ ನೋಡು

ಮಗೂ, ಹೊಸದಾಗಿ ಸಂಸಾರ ಹೂಡಿದ್ದೀಯ. ಬಾಡಿಗೆ, ಕರೆಂಟು, ಓಡಾಟ ಎಲ್ಲವನ್ನೂ ಲೆಕ್ಕ ಹಾಕಿ, ದಿನಸಿಗೆ ಇಂತಿಷ್ಟು ಎಂದು ಎತ್ತಿಟ್ಟಿದ್ದೀಯ. ಆದರೂ ತಿಂಗಳ ಕೊನೆಯ ವಾರಕ್ಕೆ ಸೋಪು ಕರಗಿರುತ್ತದೆ, ಎಣ್ಣೆ ಡಬ್ಬಿಯ ತಳ ಕಾಣುತ್ತದೆ, ಚಹಾಪುಡಿಗೆಂದು ಮತ್ತೆ ಅಂಗಡಿಗೆ ಹೋಗಬೇಕಾಗುತ್ತದೆ. ಬಿಲ್ಲು ತೆಗೆದು ನೋಡಿದರೆ ಬಹಳಷ್ಟು ಸಾಮಾನಿಗೆ ಹೋದ ವರ್ಷದ ಬೆಲೆಯೇ ಇದೆ. ಹಾಗಾದರೆ ನಮ್ಮ ಕೈಯೇ ದೊಡ್ಡದಾಯಿತೇ ಎಂದು ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತೀರಿ. ಹಾಗೆ ನೊಂದುಕೊಳ್ಳಬೇಡ. ಅಡುಗೆಮನೆಯಲ್ಲಿ ದುಂದು ಹುಡುಕುವ ಮೊದಲು ಅಂಗಡಿಯಿಂದ ತಂದ ಪೊಟ್ಟಣವನ್ನೊಮ್ಮೆ ತಿರುಗಿಸಿ ನೋಡು. ಬೆಲೆ ಇದ್ದಲ್ಲೇ ಇದೆ, ಒಳಗಿನ ಸಾಮಾನು ಕಡಿಮೆಯಾಗಿದೆ.

ನಿನಗೆ ಹೇಳಬೇಕೆಂದಿರುವುದು ಒಂದೇ ಮಾತು. ಅಂಗಡಿಯಲ್ಲಿ ಬೆಲೆ ನೋಡುವ ಮೊದಲು ತೂಕ ನೋಡು. ಹಣ ಉಳಿಸಲು ಹತ್ತಾರು ಉಪಾಯ ಹೇಳುವವರು ಸಿಗುತ್ತಾರೆ. ಈ ಒಂದು ಅಭ್ಯಾಸಕ್ಕೆ ಖರ್ಚಿಲ್ಲ, ಹೊತ್ತೂ ಬೇಕಿಲ್ಲ. ಅದು ಬದುಕಿಡೀ ನಿನ್ನ ಕೈ ಹಿಡಿಯುತ್ತದೆ.

ಮೊದಲು ಲೆಕ್ಕವನ್ನು ಸರಿಯಾಗಿ ತಿಳಿದುಕೋ, ಏಕೆಂದರೆ ಅಂದಾಜು ಇಲ್ಲಿ ದಾರಿ ತಪ್ಪಿಸುತ್ತದೆ. ಹತ್ತು ರೂಪಾಯಿಗೆ 100 ಗ್ರಾಂ ಇದ್ದ ಪೊಟ್ಟಣ 80 ಗ್ರಾಮಿಗೆ ಇಳಿಯಿತು ಎಂದುಕೋ. ಶೇ 20ರಷ್ಟು ಕಡಿಮೆಯಾಯಿತು, ಅಷ್ಟೇ ತಾನೆ ಎನ್ನಿಸುತ್ತದೆ. ಆದರೆ ನಿನ್ನ ಮನೆಗೆ ಬೇಕಾದದ್ದು ಮೊದಲಿನ 100 ಗ್ರಾಮೇ. ಅಷ್ಟಕ್ಕೆ ಈಗ ಹನ್ನೆರಡೂವರೆ ರೂಪಾಯಿ ಬೀಳುತ್ತದೆ. ಅಂದರೆ ಬೆಲೆ ಏರಿದ್ದು ಶೇ 25. ತೂಕ ಅರ್ಧಕ್ಕೆ ಇಳಿದರೆ ಬೆಲೆ ಎರಡರಷ್ಟಾಗುತ್ತದೆ. ತೂಕ ಇಳಿದ ಪ್ರಮಾಣಕ್ಕಿಂತ ಬೆಲೆ ಏರಿದ ಪ್ರಮಾಣ ಯಾವಾಗಲೂ ಹೆಚ್ಚು, ಇದನ್ನು ಮರೆಯಬೇಡ. ಬೆಲೆ ಹತ್ತರಿಂದ ಹನ್ನೆರಡೂವರೆಗೆ ಏರಿದ್ದರೆ ಬೀದಿಯಲ್ಲಿ ನಾಲ್ಕು ಜನ ಮಾತಾಡುತ್ತಿದ್ದರು, ನೀನೂ ಬೇರೆ ಬ್ರ್ಯಾಂಡ್ ಹುಡುಕುತ್ತಿದ್ದೆ. ತೂಕ ಇಳಿದಾಗ ಯಾರೂ ಮಾತಾಡುವುದಿಲ್ಲ, ಏಕೆಂದರೆ ಯಾರಿಗೂ ಗೊತ್ತಾಗುವುದಿಲ್ಲ.

2022ನ್ನು ನೆನಪಿಸಿಕೋ. ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿತು. ನಮಗೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದು. ಅದು ನಿಂತುಹೋಯಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತನ್ನ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ತಡೆಯಿತು. ತಾಳೆ ಎಣ್ಣೆ ಬಿಸ್ಕತ್ತಿಗೆ ಬೇಕು, ಕುರುಕಲು ತಿಂಡಿಗೆ ಬೇಕು, ಸೋಪಿಗೂ ಬೇಕು. ಆ ಬೇಸಿಗೆಯಲ್ಲಿ ಹೆಸರಾಂತ ಬ್ರ್ಯಾಂಡ್‌ಗಳ ತೂಕ ಹೇಗೆ ಇಳಿಯಿತೆಂದು ಪತ್ರಿಕೆಗಳು ಬರೆದವು. ಹತ್ತು ರೂಪಾಯಿಯ ಆಲೂ ಭುಜಿಯಾ 55 ಗ್ರಾಮಿನಿಂದ 42 ಗ್ರಾಮಿಗೆ ಬಂತು. ಐದು ರೂಪಾಯಿಯ ಗ್ಲೂಕೋಸ್ ಬಿಸ್ಕತ್ 64ರಿಂದ 55ಕ್ಕೆ ಬಂತು. ಹತ್ತು ರೂಪಾಯಿಯ ಪಾತ್ರೆ ಸೋಪು 155ರಿಂದ 135ಕ್ಕೆ ಇಳಿಯಿತು. ಲೆಕ್ಕ ಹಾಕಿ ನೋಡು: ಭುಜಿಯಾದ ಬೆಲೆ ಶೇ 31ರಷ್ಟು ಏರಿದಂತಾಯಿತು, ಬಿಸ್ಕತ್ತಿನದು ಶೇ 16, ಸೋಪಿನದು ಹತ್ತಿರಹತ್ತಿರ ಶೇ 15. ಪೊಟ್ಟಣದ ಮೇಲಿನ ರೂಪಾಯಿ ಮಾತ್ರ ಕದಲಲಿಲ್ಲ.

ಕಂಪನಿಗಳು ಹೀಗೇಕೆ ಮಾಡುತ್ತವೆ ಎಂಬುದನ್ನೂ ನ್ಯಾಯವಾಗಿ ಕೇಳಿಸಿಕೋ. ನಮ್ಮ ದೇಶದಲ್ಲಿ ಐದು ರೂಪಾಯಿ, ಹತ್ತು ರೂಪಾಯಿ ಎಂಬುವು ಬರೀ ಬೆಲೆಗಳಾಗಿ ಉಳಿದಿಲ್ಲ, ಆ ಸಾಮಾನಿನ ಗುರುತೇ ಆಗಿಹೋಗಿವೆ. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲಿ ಮಗು ಒಂದು ನಾಣ್ಯ ಚಾಚಿ ‘ಐದು ರೂಪಾಯಿದು ಕೊಡಿ’ ಎನ್ನುತ್ತದೆ. ಅದನ್ನು ಐದೂಮುಕ್ಕಾಲು ರೂಪಾಯಿ ಮಾಡಿದರೆ ಚಿಲ್ಲರೆಗೆ ಅಂಗಡಿಯವನೂ ಪರದಾಡಬೇಕು, ಕೊಳ್ಳುವವರೂ ಪರದಾಡಬೇಕು. ಆರು ರೂಪಾಯಿ ಮಾಡಿದರೆ ಒಂದೇ ಏಟಿಗೆ ಶೇ 20ರಷ್ಟು ಏರಿಕೆ. ಹಾಗಾಗಿ ಬೆಲೆ ಬಿಟ್ಟು ತೂಕಕ್ಕೆ ಕೈ ಹಾಕುತ್ತಾರೆ. ಕಚ್ಚಾ ಸಾಮಾನಿನ ಬೆಲೆ ಏರಿದಾಗ ಕಂಪನಿಯವರೂ ಕೈಯಿಂದ ಹಾಕಿ ಮಾರಲಾಗುವುದಿಲ್ಲ, ಅದು ಒಪ್ಪುವ ಮಾತೇ. ಒಪ್ಪಲಾಗದ್ದು, ಹೇಳದೆ ಮಾಡುವುದು. ಬಣ್ಣ ಅದೇ, ಚಿತ್ರ ಅದೇ, ಉದ್ದಗಲವೂ ಹೆಚ್ಚುಕಡಿಮೆ ಅದೇ. ತೂಕದ ಅಂಕಿಯೊಂದು ಮಾತ್ರ ಮೂಲೆಯಲ್ಲಿ ಸದ್ದಿಲ್ಲದೆ ಬದಲಾಗಿರುತ್ತದೆ. ಕೊಳ್ಳುವವರ ನಂಬಿಕೆಯ ಮೇಲೆ ನಿಂತಿರುವ ವ್ಯಾಪಾರಕ್ಕೆ ಈ ಮೌನ ಶೋಭೆಯಲ್ಲ.

ಇದರ ಹೊರೆ ಯಾರ ಮೇಲೆ ಹೆಚ್ಚು ಬೀಳುತ್ತದೆ ಎಂದು ಯೋಚಿಸು. ನೀನು ತಿಂಗಳಿಗೊಮ್ಮೆ ದೊಡ್ಡ ಅಂಗಡಿಗೆ ಹೋಗಿ ಐದು ಕಿಲೋ, ಹತ್ತು ಕಿಲೋ ತರಬಲ್ಲೆ. ದಿನಗೂಲಿಯವರು ಸಂಜೆ ಕೈಗೆ ಬಂದ ಹಣದಲ್ಲಿ ಅಂದಿನ ಎಣ್ಣೆ, ಅಂದಿನ ಚಹಾಪುಡಿ, ಒಂದು ಶಾಂಪೂ ಪೊಟ್ಟಣ ಕೊಳ್ಳುತ್ತಾರೆ. ತೂಕ ಹೆಚ್ಚಾಗಿ ಇಳಿಯುವುದು ಆ ಐದರ, ಹತ್ತರ ಪೊಟ್ಟಣಗಳಲ್ಲೇ. ಜೊತೆಗೆ, 10 ಗ್ರಾಂ ಅಥವಾ 10 ಮಿಲಿಲೀಟರಿಗಿಂತ ಹೆಚ್ಚಿಲ್ಲದ ಪುಟ್ಟ ಪೊಟ್ಟಣಗಳಿಗೆ, ಮೇಲೆ ಏನೇನು ಮುದ್ರಿಸಬೇಕೆಂಬ ನಿಯಮಗಳಿಂದ ಸಾಮಾನ್ಯವಾಗಿ ವಿನಾಯಿತಿಯೂ ಇದೆ. ಎಲ್ಲರಿಗಿಂತ ಕಡಿಮೆ ಕೊಳ್ಳಬಲ್ಲವರಿಗೆ ಎಲ್ಲರಿಗಿಂತ ಕಡಿಮೆ ಮಾಹಿತಿ ಸಿಗುತ್ತದೆ. ನಿನ್ನ ಮನೆಯ ಲೆಕ್ಕ ಸರಿಹೋದರೆ ಸಾಕೆಂದು ಸುಮ್ಮನಾಗಬೇಡ. ಮನೆಗೆಲಸಕ್ಕೆ ಬರುವವರಿಗೆ, ಊರಲ್ಲಿರುವ ಅಜ್ಜಿಗೆ, ಓದು ಬಾರದ ಪಕ್ಕದ ಮನೆಯವರಿಗೆ ಈ ಮಾತನ್ನು ತಿಳಿಸಿ ಹೇಳು.

ಹಿಂದೆ ಹೀಗೆ ತೂಕ ಇಳಿಸುವುದಕ್ಕೆ ಕಾನೂನಿನಲ್ಲೇ ಒಂದು ತಡೆ ಇತ್ತು. 2011ರ ಪೊಟ್ಟಣ ಸರಕು ನಿಯಮಗಳಲ್ಲಿ ಚಹಾ, ಕಾಫಿ, ಬಿಸ್ಕತ್, ಅಡುಗೆ ಎಣ್ಣೆ, ಬೆಣ್ಣೆ, ಅಕ್ಕಿ, ಹಿಟ್ಟು, ಉಪ್ಪು, ಸೋಪು ಸೇರಿ 19 ಬಗೆಯ ಸಾಮಾನುಗಳನ್ನು ಇಂತಿಂಥ ಅಳತೆಯಲ್ಲೇ ತುಂಬಬೇಕೆಂಬ ಪಟ್ಟಿ ಇತ್ತು. ಸಣ್ಣ ಪೊಟ್ಟಣಗಳಿಗೆ ಆಗಲೂ ಒಂದಿಷ್ಟು ಸಡಿಲಿಕೆ ಇದ್ದರೂ, ದೊಡ್ಡ ಪೊಟ್ಟಣಗಳ ಮಟ್ಟಿಗೆ ಅರ್ಧ ಕಿಲೋ ಎಂದರೆ ಅರ್ಧ ಕಿಲೋ, ಲೀಟರ್ ಎಂದರೆ ಲೀಟರ್. ಎರಡು ಬ್ರ್ಯಾಂಡ್ ಹೋಲಿಸಲು ಬೆಲೆ ನೋಡಿದರೆ ಸಾಕಾಗುತ್ತಿತ್ತು. 2021ರ ತಿದ್ದುಪಡಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಈಗ ಯಾವ ತೂಕದಲ್ಲಿ ಬೇಕಾದರೂ ತುಂಬಬಹುದು. ಒಂದು ಲೀಟರ್ ಎಣ್ಣೆಯ ಪಕ್ಕದಲ್ಲೇ ನೋಡಲು ಅಷ್ಟೇ ಎತ್ತರದ 850 ಮಿಲಿಲೀಟರಿನ ಪೊಟ್ಟಣ ನಿಂತಿರಬಹುದು. ಅವಸರದಲ್ಲಿ ಕಡಿಮೆ ಬೆಲೆಯದಕ್ಕೆ ಕೈ ಹಾಕಿದರೆ, ಕಡಿಮೆ ಎಣ್ಣೆಯನ್ನು ಹೆಚ್ಚಿನ ದರಕ್ಕೆ ಮನೆಗೆ ತಂದಿರಬಹುದು.

ಅಳತೆಯ ಪಟ್ಟಿ ತೆಗೆದಾಗ ಅದೇ ತಿದ್ದುಪಡಿ ನಮ್ಮ ಕೈಗೆ ಬೇರೊಂದು ಸಾಧನ ಕೊಟ್ಟಿತು. ಅದೇ ಯೂನಿಟ್ ಸೇಲ್ ಪ್ರೈಸ್. ಗರಿಷ್ಠ ಮಾರಾಟ ಬೆಲೆಯ ಹತ್ತಿರ ಸಣ್ಣ ಅಕ್ಷರದಲ್ಲಿ ‘ಯುಎಸ್‌ಪಿ’ ಎಂದು ಇರುತ್ತದೆ, ನೋಡು. ಜಾರಿಯ ದಿನ ಹಲವು ಸಲ ಮುಂದೆ ಹೋಗಿ, 2024ರ ಆರಂಭದಿಂದ ಇದು ಕಡ್ಡಾಯವಾಗಿದೆ. ಒಂದು ಕಿಲೋಗಿಂತ ಕಡಿಮೆ ಇರುವ ಪೊಟ್ಟಣದಲ್ಲಿ ಗ್ರಾಮಿಗೆ ಇಷ್ಟು ಎಂದೂ, ಕಿಲೋ ಮೀರಿದರೆ ಕಿಲೋಗೆ ಇಷ್ಟು ಎಂದೂ ಮುದ್ರಿಸಬೇಕು. ಎಣ್ಣೆಯಂಥ ದ್ರವಕ್ಕೆ ಮಿಲಿಲೀಟರ್, ಲೀಟರ್ ಲೆಕ್ಕ. ಬೆಲೆ ಹೋಲಿಸಬೇಕಾದದ್ದು ಈ ಅಂಕಿಯಲ್ಲಿ.

ಇದನ್ನು ಓದುವಾಗ ಕಣ್ಣು ತಪ್ಪುವ ಸಂಭವ ಇದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. 250 ಗ್ರಾಂ ಚಹಾಪುಡಿಗೆ 140 ರೂಪಾಯಿ ಇದ್ದರೆ ಗ್ರಾಮಿಗೆ 0.56 ರೂಪಾಯಿ ಎಂದು ಬರೆದಿರುತ್ತಾರೆ. ಪಕ್ಕದ ಪೊಟ್ಟಣದಲ್ಲಿ 0.61 ಇರಬಹುದು. ಐದು ಪೈಸೆ ವ್ಯತ್ಯಾಸ ಎಂದು ನಿರ್ಲಕ್ಷಿಸಬೇಡ. ಸಾವಿರದಿಂದ ಗುಣಿಸು: ಒಂದು ಕಿಲೋಗೆ 560, ಇನ್ನೊಂದು 610. ಐವತ್ತು ರೂಪಾಯಿಯ ಅಂತರ ಈಗ ಕಣ್ಣಿಗೆ ಕಾಣುತ್ತದೆ. ಸಣ್ಣ ಪೊಟ್ಟಣದಲ್ಲಿ ಗ್ರಾಮಿನ ಲೆಕ್ಕ, ದೊಡ್ಡ ಚೀಲದಲ್ಲಿ ಕಿಲೋ ಲೆಕ್ಕ ಇರುವುದರಿಂದ ಎರಡನ್ನೂ ಕಿಲೋಗೆ ತಂದುಕೊಂಡೇ ಹೋಲಿಸು. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂದು ನಂಬಿ ಕೊಳ್ಳಬೇಡ. ಕೆಲವು ಸಾಮಾನುಗಳಲ್ಲಿ ಸಣ್ಣದೇ ಲಾಭ, ಕೆಲವುಗಳಲ್ಲಿ ‘ಫ್ಯಾಮಿಲಿ ಪ್ಯಾಕ್’ ಎಂಬ ಹೆಸರಿಗೇ ಹೆಚ್ಚು ತೆರುತ್ತೇವೆ. ಅಂಕಿ ಏನು ಹೇಳುತ್ತದೋ ಅದನ್ನು ನಂಬು.

ಎಣ್ಣೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಲೀಟರ್ ಬೇರೆ, ಕಿಲೋ ಬೇರೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಲೀಟರಿಗೆ 150 ರೂಪಾಯಿಯ ಎಣ್ಣೆ, ಕಿಲೋಗೆ 160 ರೂಪಾಯಿಯ ಎಣ್ಣೆ ಅಕ್ಕಪಕ್ಕ ಇದ್ದರೆ ಮೊದಲನೆಯದು ಅಗ್ಗ ಎನ್ನಿಸುತ್ತದೆ. ಆದರೆ ಮೊದಲನೆಯದು ಕಿಲೋಗೆ ಸುಮಾರು 165 ಬೀಳುತ್ತದೆ, ಎರಡನೆಯದೇ ಅಗ್ಗ. ಎಣ್ಣೆ ಬಿಸಿಯಾದಂತೆ ಹಿಗ್ಗುತ್ತದೆ, ಲೀಟರಿನ ತೂಕ ಇಳಿಯುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ 893 ಗ್ರಾಮಿನ ಹತ್ತಿರಕ್ಕೆ ಬರುತ್ತದೆ. ಹೆಚ್ಚಿನ ಉಷ್ಣಾಂಶದ ಲೆಕ್ಕ ಮುದ್ರಿಸಿ ಕಡಿಮೆ ತೂಕ ತುಂಬುವ ರೂಢಿ ಇದ್ದದ್ದರಿಂದಲೇ, 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಉಷ್ಣಾಂಶದ ಮಾತಿಲ್ಲದೆ ಅಳತೆ ಮುದ್ರಿಸಬೇಕು, ಮುದ್ರಿಸಿದ ಅಳತೆಗೆ ತೂಕ ಸರಿಹೊಂದಬೇಕು ಎಂದು ಎಣ್ಣೆ ಕಂಪನಿಗಳಿಗೆ ಸೂಚಿಸಿತು.

ಇನ್ನು ನಮ್ಮ ಮನೆ ಬಾಗಿಲಿಗೆ ಬರುವ ಹಾಲಿನ ಲೆಕ್ಕ ನೋಡು. 2023ರ ಮಾರ್ಚಿನಲ್ಲಿ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ತನ್ನ ಕೆನೆಭರಿತ ಹಾಲಿನ 50 ರೂಪಾಯಿಯ ಪೊಟ್ಟಣವನ್ನು ಒಂದು ಲೀಟರಿನಿಂದ 900 ಮಿಲಿಲೀಟರಿಗೆ ಇಳಿಸಿತು. ಬೆಲೆ ಏರಲಿಲ್ಲ ಎಂದು ಹೇಳಬಹುದು, ಆದರೆ ಲೀಟರಿನ ಲೆಕ್ಕದಲ್ಲಿ ಅದು 55 ರೂಪಾಯಿ ದಾಟಿತು. 2024ರ ಜೂನ್ 26ರಿಂದ ಇನ್ನೊಂದು ಬಗೆಯ ಬದಲಾವಣೆ ಬಂತು. 42 ರೂಪಾಯಿ ಇದ್ದ ಲೀಟರ್ ನೀಲಿ ಪೊಟ್ಟಣ 1,050 ಮಿಲಿಲೀಟರ್ ಆಗಿ 44 ರೂಪಾಯಿ ಆಯಿತು. ಬೆಲೆ ಏರಿತೆಂದು ಗಲಾಟೆ ಎದ್ದಿತು, ಆದರೆ ಲೀಟರಿಗೆ ಲೆಕ್ಕ ಹಾಕಿದರೆ 41 ರೂಪಾಯಿ 90 ಪೈಸೆ. ಹಾಲಿನ ದರ ಏರಿರಲೇ ಇಲ್ಲ. ಬೇಕೋ ಬೇಡವೋ, 50 ಮಿಲಿಲೀಟರ್ ಹೆಚ್ಚು ಕೊಳ್ಳಬೇಕಾಯಿತು ಅಷ್ಟೆ. 2025ರ ಏಪ್ರಿಲ್ 1ರಿಂದ ಪೊಟ್ಟಣ ಮತ್ತೆ ಒಂದು ಲೀಟರಿಗೆ ಬಂದು ಬೆಲೆ 46 ರೂಪಾಯಿ ಆಯಿತು. ಪೊಟ್ಟಣದ ಮೇಲೆ ಹೆಚ್ಚಾದದ್ದು ಎರಡು ರೂಪಾಯಿ, ಲೀಟರಿನ ದರದಲ್ಲಿ ಏರಿದ್ದು ನಾಲ್ಕು ರೂಪಾಯಿ.

ಹಾಲು ಹಾಕುವ ರೈತರಿಗೆ ಒಳ್ಳೆಯ ಬೆಲೆ ಸಿಗಲೇಬೇಕು, ಆ ನಾಲ್ಕು ರೂಪಾಯಿ ಅವರಿಗೆಂದೇ ಏರಿಸಿದ್ದು. ಅದನ್ನು ಸಂತೋಷದಿಂದ ಕೊಡೋಣ. 2024 ಮತ್ತು 2025ರ ಬದಲಾವಣೆಗಳನ್ನು ಮುಂಚಿತವಾಗಿ ಪ್ರಕಟಿಸಿದರು, ಪತ್ರಿಕೆಗಳಲ್ಲಿ ಬಂತು, ಜನ ಬೈದರು, ಸರ್ಕಾರ ಉತ್ತರ ಕೊಟ್ಟಿತು. ಬೆಲೆ ಏರಿಕೆ ನಡೆಯಬೇಕಾದದ್ದು ಹೀಗೆ, ಎಲ್ಲರ ಕಣ್ಣೆದುರಿನಲ್ಲಿ. ಹಾಲಿನಲ್ಲಿ ಸಾಧ್ಯವಾದದ್ದು ಬಿಸ್ಕತ್ತಿನಲ್ಲಿ, ಸೋಪಿನಲ್ಲಿ ಏಕೆ ಸಾಧ್ಯವಿಲ್ಲ? ನಿನಗೆ ಇಲ್ಲಿ ಕಲಿಯಬೇಕಾದದ್ದು, ಪೊಟ್ಟಣದ ಬೆಲೆ ಏರಿದರೂ ಇಳಿದರೂ ಲೀಟರಿಗೆ ಎಷ್ಟು ಎಂದು ಕೇಳುವುದು.

ಕಣ್ಣನ್ನು ನಂಬಬೇಡ ಎಂದೂ ಹೇಳಬೇಕು. ಪೊಟ್ಟಣದ ಆಕಾರ ಮಾಡುವವರಿಗೆ ನಮ್ಮ ಕಣ್ಣಿನ ಸ್ವಭಾವ ಚೆನ್ನಾಗಿ ಗೊತ್ತು. ನಾವು ಎತ್ತರ ನೋಡುತ್ತೇವೆ, ಅಗಲ ನೋಡುತ್ತೇವೆ, ದಪ್ಪ ಗಮನಿಸುವುದಿಲ್ಲ. ಹಾಗಾಗಿ ಸೋಪು ಉದ್ದಗಲ ಉಳಿಸಿಕೊಂಡು ನಡು ಬಾಗಿಸಿಕೊಳ್ಳುತ್ತದೆ. ಬಾಟಲಿಯ ತಳ ಒಳಕ್ಕೆ ಸೇರುತ್ತದೆ. ಬಿಸ್ಕತ್ತುಗಳು ಪ್ಲಾಸ್ಟಿಕ್ ತಟ್ಟೆಯಲ್ಲಿ ದೂರ ದೂರ ಕೂರುತ್ತವೆ. ಚಿಪ್ಸ್ ಚೀಲದಲ್ಲಿ ಗಾಳಿ ತುಂಬುವುದಕ್ಕೆ ನಿಜವಾದ ಕಾರಣವೂ ಇದೆ. ಒಳಗಿರುವುದು ನೈಟ್ರೋಜನ್, ಅದು ಚಿಪ್ಸ್ ಪುಡಿಯಾಗದಂತೆ, ಕಮಟು ಹಿಡಿಯದಂತೆ ಕಾಯುತ್ತದೆ. ಆದರೆ ಉಬ್ಬಿದ ಚೀಲ ನೋಡಿ ಒಳಗೆಷ್ಟಿದೆ ಎಂದು ಅಳೆಯಲು ಬರುವುದಿಲ್ಲ. ‘ಹೊಸ ಪ್ಯಾಕ್’ ಎಂಬ ಬರಹ ಕಂಡ ದಿನ ತಪ್ಪದೆ ತೂಕ ನೋಡು. ‘ಶೇ 20 ಹೆಚ್ಚು’ ಎಂದಿದ್ದರೆ ಯಾವುದಕ್ಕಿಂತ ಹೆಚ್ಚು ಎಂದು ಹುಡುಕು. ಮೊದಲು ಇಳಿಸಿದ್ದನ್ನೇ ಈಗ ಉಡುಗೊರೆಯಾಗಿ ಮರಳಿಸುತ್ತಿರಬಹುದು.

ತೂಕ ಏರಬೇಕಾದ ಸಂದರ್ಭವೂ ಬರುತ್ತದೆ, ಆಗಲೂ ಎಚ್ಚರ ಬೇಕು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್, ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್‌ಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ದೊಡ್ಡ ಪೊಟ್ಟಣಗಳ ಬೆಲೆ ಇಳಿಸುವುದು ಸುಲಭ. ಐದು, ಹತ್ತರ ಪೊಟ್ಟಣಕ್ಕೆ ಮತ್ತೆ ಅದೇ ಚಿಲ್ಲರೆಯ ತೊಡಕು. ಅಲ್ಲಿ ಬೆಲೆ ಉಳಿಸಿಕೊಂಡು ತೂಕ ಹೆಚ್ಚಿಸುವುದೇ ದಾರಿ. ಎಷ್ಟು ಹೆಚ್ಚಬೇಕು? ತೆರಿಗೆ ಸೇರಿ ಹತ್ತು ರೂಪಾಯಿಯಲ್ಲಿ ಸಾಮಾನಿನ ಪಾಲು ಮೊದಲು 8 ರೂಪಾಯಿ 47 ಪೈಸೆ ಇತ್ತು, ಈಗ 9 ರೂಪಾಯಿ 52 ಪೈಸೆ. ಲಾಭ ಪೂರ್ತಿ ನಮಗೆ ಬರಬೇಕಾದರೆ 50 ಗ್ರಾಂ ಇದ್ದದ್ದು 56 ಗ್ರಾಂ ಆಗಬೇಕು. ಹಳೆಯ ಪೊಟ್ಟಣದ ತೂಕ ನೆನಪಿದ್ದವರಿಗೆ ಮಾತ್ರ ಇದನ್ನು ಕೇಳಲು ಬಾಯಿ ಇರುತ್ತದೆ.

ಈ ಕಾರಣಕ್ಕೇ ಒಂದು ಸಣ್ಣ ಪುಸ್ತಕ ಇಟ್ಟುಕೋ, ಅಥವಾ ಫೋನಿನಲ್ಲೇ ಬರೆದುಕೋ. ಮನೆಗೆ ಮತ್ತೆ ಮತ್ತೆ ಬರುವ ಸಾಮಾನುಗಳನ್ನಷ್ಟೇ ಬರೆದರೆ ಸಾಕು: ಎಣ್ಣೆ, ಚಹಾಪುಡಿ, ಕಾಫಿಪುಡಿ, ಸೋಪು, ಬಟ್ಟೆ ಪುಡಿ, ಬಿಸ್ಕತ್, ಟೂತ್‌ಪೇಸ್ಟ್. ಹೆಸರು, ತೂಕ, ಬೆಲೆ, ತಿಂಗಳು. ಬಿಲ್ಲಿನಲ್ಲಿ ಬೆಲೆ ಉಳಿಯುತ್ತದೆ, ತೂಕ ಎಷ್ಟೋ ಸಲ ಇರುವುದಿಲ್ಲ. ನೀನು ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ಆರು ತಿಂಗಳಿಗೊಮ್ಮೆ ತಿರುವಿ ಹಾಕಿದರೆ ನಿನ್ನ ಮನೆಯ ನಿಜವಾದ ಬೆಲೆ ಏರಿಕೆ ಎಷ್ಟೆಂದು ನಿನಗೇ ತಿಳಿಯುತ್ತದೆ. ಸಂಬಳ ಹೆಚ್ಚಿಸುವಂತೆ ಕೇಳುವಾಗ, ಮನೆಗೆಲಸದವರ ಸಂಬಳ ಹೆಚ್ಚಿಸುವಾಗ ಕೂಡ ಆ ಲೆಕ್ಕ ಕೈಯಲ್ಲಿರಬೇಕು.

ಬೇಳೆ, ಅಕ್ಕಿ, ಸಕ್ಕರೆ, ರವೆ, ಮೆಣಸಿನಕಾಯಿಯಂಥವನ್ನು ತೂಗಿ ಕೊಡುವ ಅಂಗಡಿ ಹತ್ತಿರದಲ್ಲಿದ್ದರೆ ಅಲ್ಲಿ ಕೊಳ್ಳು. ಸಾಮಾನು ಕಣ್ಣಿಗೆ ಕಾಣುತ್ತದೆ, ತಕ್ಕಡಿಯ ಅಂಕಿ ಕಾಣುತ್ತದೆ, ಬೇಕಾದಷ್ಟೇ ತರಬಹುದು. ತೂಗಿ ಆದ ಮೇಲೆ ಒಂದು ಹಿಡಿ ಕೊಸರು ಹಾಕುವ ಅಂಗಡಿಯವರು ಈಗಲೂ ನಮ್ಮ ಊರುಗಳಲ್ಲಿ ಇದ್ದಾರೆ. ಶುಚಿ ನೋಡಿಕೋ, ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ಎಂದು ನೋಡಿಕೋ. ತೂಕ ಇಳಿದ ಸಿಟ್ಟನ್ನು ಮಾತ್ರ ಅಂಗಡಿಯವರ ಮೇಲೆ ತೀರಿಸಬೇಡ. ಕಂಪನಿ ಕಳಿಸಿದ ಪೊಟ್ಟಣವನ್ನು ಅವರು ಮಾರುತ್ತಾರೆ, ತೂಕ ಇಳಿದದ್ದು ಎಷ್ಟೋ ಸಲ ಅವರಿಗೂ ತಿಳಿದಿರುವುದಿಲ್ಲ.

ಕಾನೂನಿನಲ್ಲಿ ಎರಡು ಸಂಗತಿ ಬೇರೆ ಬೇರೆ, ಕಲಸಿಕೊಳ್ಳಬೇಡ. ತೂಕ ಇಳಿಸಿ, ಇಳಿಸಿದ ತೂಕವನ್ನೇ ಮುದ್ರಿಸಿದರೆ ಅದು ಇಂದು ಅಪರಾಧವಲ್ಲ. 100 ಗ್ರಾಂ ಎಂದು ಮುದ್ರಿಸಿ, ನಿಯಮ ಒಪ್ಪುವ ಅಲ್ಪ ವ್ಯತ್ಯಾಸವನ್ನೂ ಮೀರಿ ಕಡಿಮೆ ತುಂಬಿದರೆ ಅದು ಅಪರಾಧ. ತಮಿಳುನಾಡಿನ ತಿರುವಳ್ಳೂರು ಜಿಲ್ಲಾ ಗ್ರಾಹಕರ ಆಯೋಗ 2023ರಲ್ಲಿ ಕೊಟ್ಟ ತೀರ್ಪು ನಿನಗೆ ಧೈರ್ಯ ಕೊಡಲಿ. 16 ಬಿಸ್ಕತ್ ಎಂದು ಬರೆದಿದ್ದ ಪೊಟ್ಟಣದಲ್ಲಿ 15 ಇದ್ದವು. ಒಬ್ಬ ಗ್ರಾಹಕ ಸುಮ್ಮನಿರಲಿಲ್ಲ. ನಾವು ಮಾರುವುದು ತೂಕದ ಲೆಕ್ಕದಲ್ಲಿ, ಎಣಿಕೆಯ ಲೆಕ್ಕದಲ್ಲಲ್ಲ ಎಂದು ದೊಡ್ಡ ಕಂಪನಿ ವಾದಿಸಿತು. ಆಯೋಗ ಒಪ್ಪದೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಒಂದು ಬಿಸ್ಕತ್ತಿನ ಬೆಲೆ ರೂಪಾಯಿಯೂ ಆಗದು, ಆದರೆ ಅಂಥ ಲಕ್ಷಾಂತರ ಪೊಟ್ಟಣಗಳಿವೆ ಎಂಬುದನ್ನು ಆ ಗ್ರಾಹಕರು ನೆನಪಿಟ್ಟುಕೊಂಡಿದ್ದರು.

ಹಾಗಾಗಿ ಅನುಮಾನ ಬಂದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡು. ಪೊಟ್ಟಣ ಒಡೆಯದೆ ಇಟ್ಟುಕೋ, ಬಿಲ್ಲು ಎಸೆಯಬೇಡ. ತೂಕ ಕಡಿಮೆ ಇದ್ದರೆ, ಗರಿಷ್ಠ ಬೆಲೆ ಮೀರಿ ಹಣ ಕೇಳಿದರೆ, ಯೂನಿಟ್ ಬೆಲೆ ಮುದ್ರಿಸದೇ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೂ ದೂರು ಕೊಡಬಹುದು. ನಿನ್ನೊಬ್ಬಳ ದೂರಿನಿಂದ ಏನಾಗುತ್ತದೆ ಎನ್ನಬೇಡ. ದೂರು ಬಾರದ ಕಡೆ ತಪ್ಪೇ ಇಲ್ಲ ಎಂದು ಲೆಕ್ಕ ಬರೆದುಕೊಳ್ಳುತ್ತಾರೆ.

ತೂಕ ಇಳಿಸಿದ್ದನ್ನು ಹೇಳಿಯೇ ಮಾರಬೇಕೆಂದು ಕಾನೂನು ಮಾಡಿದ ದೇಶಗಳಿವೆ. ಫ್ರಾನ್ಸ್‌ನಲ್ಲಿ 2024ರ ಜುಲೈ 1ರಿಂದ ದೊಡ್ಡ ಅಂಗಡಿಗಳು, ತೂಕ ಇಳಿದು ದರ ಏರಿದ ಸಾಮಾನಿನ ಪಕ್ಕದಲ್ಲಿ ಎರಡು ತಿಂಗಳ ಕಾಲ ಅದನ್ನು ತಿಳಿಸುವ ಫಲಕ ಹಾಕಬೇಕು. ದಕ್ಷಿಣ ಕೊರಿಯಾದಲ್ಲಿ ಅದೇ ವರ್ಷದ ಆಗಸ್ಟ್‌ನಿಂದ ತಯಾರಕರು ಮೂರು ತಿಂಗಳ ಕಾಲ ಗ್ರಾಹಕರಿಗೆ ತಿಳಿಸಬೇಕು, ತಪ್ಪಿದರೆ ದಂಡ. ಅಲ್ಲಿನ ಕಂಪನಿಗಳೇನೂ ಮುಳುಗಿಹೋಗಿಲ್ಲ. ನಮ್ಮಲ್ಲಿಯೂ ಅಂಥದೊಂದು ನಿಯಮ ಬೇಕು. ಪೊಟ್ಟಣದ ಮುಂಭಾಗದಲ್ಲೇ, ಓದಬಲ್ಲ ಅಕ್ಷರದಲ್ಲಿ, ‘ಹಿಂದಿನ ತೂಕ ಇಷ್ಟು, ಈಗಿನ ತೂಕ ಇಷ್ಟು’ ಎಂದು ಮೂರು ತಿಂಗಳು ಮುದ್ರಿಸಲಿ. ಆ ಸಾಲು ಕನ್ನಡದಲ್ಲೂ ಇರಲಿ. ಬೇರೇನೂ ಕೇಳಬೇಕಾಗಿಲ್ಲ. ಬೆಲೆ ಏರಿಸುವ ಹಕ್ಕು ಅವರಿಗಿದೆ, ಏರಿಸಿದ್ದನ್ನು ತಿಳಿಯುವ ಹಕ್ಕು ನಮಗಿದೆ.

ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇನೆ. ಈ ಲೆಕ್ಕ ನಿನ್ನ ಮನಸ್ಸನ್ನು ಜಿಪುಣವಾಗಿಸದಿರಲಿ. ಮನೆಗೆ ಬಂದವರಿಗೆ ಕೊಡುವ ಕಾಫಿಯನ್ನು, ಮಕ್ಕಳ ಕೈಗೆ ಇಡುವ ಬಿಸ್ಕತ್ತನ್ನು ಗ್ರಾಂ ಹಿಡಿದು ಎಣಿಸಬೇಡ. ಅಂಗಡಿಯಲ್ಲಿ ಕಟ್ಟುನಿಟ್ಟಾಗಿರು, ಮನೆಯಲ್ಲಿ ಧಾರಾಳವಾಗಿರು. ಕೊಳ್ಳುವಾಗ ತಪ್ಪದ ಲೆಕ್ಕವೇ ಬಡಿಸುವಾಗ ಕೈಗೆ ಧೈರ್ಯ ಕೊಡುತ್ತದೆ. ಮುಂದಿನ ಸಲ ಅಂಗಡಿಗೆ ಹೋದಾಗ ಒಂದೇ ಒಂದು ಸಾಮಾನಿನಿಂದ ಶುರುಮಾಡು. ದಿನವೂ ಬಳಸುವ ಚಹಾಪುಡಿಯನ್ನೋ ಸೋಪನ್ನೋ ಕೈಗೆ ತೆಗೆದುಕೋ, ತೂಕ ಓದು, ಗ್ರಾಮಿನ ಬೆಲೆ ಓದು, ಬರೆದಿಟ್ಟುಕೋ. ನಿನ್ನ ಜೊತೆ ಬಂದವರಿಗೂ ತೋರಿಸು. ಕೊಳ್ಳುವವರೆಲ್ಲ ತೂಕ ಓದತೊಡಗಿದ ದಿನ, ಹೇಳದೆ ತೂಕ ಇಳಿಸುವ ಧೈರ್ಯ ಯಾವ ಕಂಪನಿಗೂ ಬರುವುದಿಲ್ಲ.